ಅಪ್ಪನ ಬಿಸಿನೀರಿನ ಪರೀಕ್ಷೆ

ನೀರಿನ ಬಾಟಲಿ ಕೊಳ್ಳುವಾಗ ಮುಚ್ಚಳ ತೆಗೆದು ಅದರ ಬಾಯಿಗೆ ಮೂಗು ಇಡುವ ಅಭ್ಯಾಸ ನನಗಿದೆ. ಮೊನ್ನೆ ದೊಡ್ಡ ಅಂಗಡಿಯೊಂದರಲ್ಲಿ ಹೀಗೆ ನಾಲ್ಕು ಬಾಟಲಿ ಮೂಸಿ ಐದನೆಯದಕ್ಕೆ ಕೈ ಹಾಕಿದಾಗ ಅಲ್ಲಿ ನಿಂತಿದ್ದ ಹುಡುಗಿ ನಗುವುದನ್ನು ನಿಲ್ಲಿಸಿದಳು. ಸಮವಸ್ತ್ರ ತೊಡಿಸಿ ನಗುವುದಕ್ಕೆಂದೇ ಅಲ್ಲಿ ನಿಲ್ಲಿಸಿದ್ದ ಹುಡುಗಿ ಅವಳು, ಪಾಪ. ಬಾಟಲಿಯ ತಳದಲ್ಲಿ ಅಂಟಿಸಿದ್ದ ಚೀಟಿ ತೋರಿಸಿ, ಇದರಲ್ಲಿ ಆ ಕೆಟ್ಟ ರಾಸಾಯನಿಕ ಇಲ್ಲ ಮೇಡಂ, ಈ ಕೆಟ್ಟ ರಾಸಾಯನಿಕವೂ ಇಲ್ಲ ಎಂದು ಓದಿ ಹೇಳಿದಳು. ಏನೇನು ಇಲ್ಲ ಎಂಬುದನ್ನು ಅಷ್ಟು ವಿವರವಾಗಿ ಬರೆದವರು ಏನಿದೆ ಎಂಬುದನ್ನು ಬರೆದಿರಲಿಲ್ಲ. ನಾನು ತಲೆಯಾಡಿಸಿ ಐದನೆಯದನ್ನೂ ಮೂಸಿದೆ.

ನಿಮಗೆ ಇದು ವಿಚಿತ್ರ ಅನ್ನಿಸಬಹುದು. ನನ್ನ ಗಂಡನಿಗೆ ಮದುವೆಯಾದಾಗಿನಿಂದ ಅನ್ನಿಸುತ್ತಿದೆ. ನಾನು ಬಾಟಲಿಗಳ ಸಾಲಿಗೆ ಬಂದೆನೆಂದರೆ ಅವರು ಯಾರೋ ಪರಿಚಯದವರು ಕಂಡವರ ಹಾಗೆ ಸಾಬೂನಿನ ಸಾಲಿಗೆ ಹೊರಟುಹೋಗುತ್ತಾರೆ. ಇಷ್ಟಾಗಿ ವಾಸನೆ ಬಾರದ ವಸ್ತುವೆಲ್ಲ ಒಳ್ಳೆಯದೇ ಆಗಿರಬೇಕಿಲ್ಲ ಎಂಬುದೂ ನನಗೆ ಗೊತ್ತು. ರಸಾಯನಶಾಸ್ತ್ರ ಓದಿದವಳು ನಾನು. ಆದರೂ ಮೂಗು ಕೇಳುವುದಿಲ್ಲ. ಈ ಚಟ ಹತ್ತಿದ್ದು ಹರಿಹರದ ಬಸ್ ನಿಲ್ದಾಣದಲ್ಲಿ, ಒಂದು ಬೆಳಿಗ್ಗೆ. ಅದನ್ನು ಹೇಳಬೇಕಾದರೆ ದಾವಣಗೆರೆಯ ನಮ್ಮ ಅಂಗಡಿಯಿಂದ ಶುರುಮಾಡಬೇಕು.

ನಮ್ಮದು ಪ್ಲಾಸ್ಟಿಕ್ ಸಾಮಾನಿನ ಅಂಗಡಿ. ಕೊಡ, ಬಕೀಟು, ಜಗ್ಗು, ಸೋಪಿನ ಡಬ್ಬಿ, ತೊಟ್ಟಿಲ ಮೇಲೆ ತೂಗುಹಾಕುವ ಗಿಳಿ, ಎಲ್ಲ ಇತ್ತು. ಅದೇ ಮಳಿಗೆಯಲ್ಲಿ ಅಜ್ಜ ಹಿತ್ತಾಳೆ, ತಾಮ್ರ, ಸ್ಟೀಲಿನ ಪಾತ್ರೆ ಮಾರುತ್ತಿದ್ದರಂತೆ. ಅಜ್ಜ ತೀರಿಕೊಂಡ ಮೇಲೆ ಅಪ್ಪ ಕಾಲಕ್ಕೆ ತಕ್ಕ ಹಾಗೆ ಪ್ಲಾಸ್ಟಿಕ್ಕಿಗೆ ಬಂದರು. ಅಜ್ಜಿ ಅದನ್ನು ಕೊನೆವರೆಗೂ ಕ್ಷಮಿಸಲಿಲ್ಲ. ನಿಜಲಿಂಗಪ್ಪ ಬಡಾವಣೆಯ ನಮ್ಮ ಹೊಸ ಮನೆಯಲ್ಲಿ ನಲ್ಲಿ ನೀರು ಬಂದ ದಿನ ಹದಿನಾರು ಬಣ್ಣದ ಕೊಡಗಳು ಸಾಲಾಗಿ ನಿಂತರೆ ಅವರು ಮಾತ್ರ ತಮ್ಮ ತಾಮ್ರದ ಬಿಂದಿಗೆ ಹಿಡಿದು ಬಂದು, ಉಳಿದವನ್ನು ಕಾಲಲ್ಲೇ ಸರಿಸಿ, ಮೊದಲು ತುಂಬಿಕೊಳ್ಳುತ್ತಿದ್ದರು.

ಪ್ಲಾಸ್ಟಿಕ್ ಅಂಗಡಿಯವರ ಮಗಳು ಎಂದರೆ ನನ್ನ ಬಳಿ ಒಳ್ಳೊಳ್ಳೆಯ ಬಾಟಲಿಗಳಿದ್ದವು ಎಂದುಕೊಳ್ಳಬೇಡಿ. ಮಾರಾಟವಾಗದೆ ಉಳಿದದ್ದು, ಮುಚ್ಚಳ ಸರಿಯಾಗಿ ಕೂರದ್ದು, ಹುಲಿಯ ಚಿತ್ರ ಅಚ್ಚಾಗುವಾಗ ಬೆಕ್ಕಾಗಿಹೋದದ್ದು, ಇಂಥವೆಲ್ಲ ನನ್ನ ಪಾಲಿಗೆ. ಶಾಲೆ ತಲುಪುವ ಹೊತ್ತಿಗೆ ಅರ್ಧ ನೀರು ನನ್ನ ಲಂಗಕ್ಕೂ ಇನ್ನರ್ಧ ಸಮಾಜ ಪುಸ್ತಕಕ್ಕೂ ಹೋಗಿರುತ್ತಿತ್ತು. ಉಳಿದ ಗುಟುಕನ್ನು ಮಧ್ಯಾಹ್ನ ಎತ್ತಿ ಕುಡಿದರೆ ನಮ್ಮೂರ ಬಿಸಿಲಿಗೆ ಕಾದ ಆ ನೀರಿನಲ್ಲಿ ಒಂದು ವಾಸನೆ ಇರುತ್ತಿತ್ತು. ಹೊಸ ರೈನ್‌ಕೋಟಿನ ವಾಸನೆ, ಅದರ ಹಿಂದೆಯೇ ಸ್ವಲ್ಪ ಕಹಿ. ಅದು ಶಾಲೆಯ ವಾಸನೆ ಎಂದೇ ನಾನು ಬಹಳ ದಿನ ತಿಳಿದಿದ್ದೆ.

ಮೇ ಕೊನೆಯಿಂದ ಜುಲೈವರೆಗೆ ನಮ್ಮ ಅಂಗಡಿಯಲ್ಲಿ ನೀರಿನ ಬಾಟಲಿಯದೇ ಸುಗ್ಗಿ. ಬಾಗಿಲಿನ ಎರಡೂ ಕಡೆ ಬಾಟಲಿಗಳ ಮಾಲೆ ಇಳಿಬೀಳುತ್ತಿತ್ತು. ಹಳ್ಳಿಯಿಂದ ಬಂದವರು ಸುಮ್ಮನೆ ಕೊಂಡು ಹೋಗುವವರಲ್ಲ. ಹಿಂಡಿ ನೋಡುವರು, ನೆಲಕ್ಕೆ ಕುಟ್ಟಿ ನೋಡುವರು. ಕುಕ್ಕುವಾಡದ ನಮ್ಮ ನೆಂಟರೊಬ್ಬರು ರೈಲಿನಲ್ಲಿ ಯಾರೋ ಬಿಟ್ಟುಹೋಗಿದ್ದ ಮಿನರಲ್ ವಾಟರಿನ ಬಾಟಲಿಯನ್ನು ಹಳದಿ ತಿರುಗುವವರೆಗೆ ಮಜ್ಜಿಗೆಗೆ ಬಳಸಿ, ದುಡ್ಡು ಕೊಟ್ಟು ಯಾಕೆ ಕೊಳ್ಳಬೇಕು ಎಂದು ಅಂಗಡಿಯೊಳಗೇ ನಿಂತು ಕೇಳುತ್ತಿದ್ದರು. ಇಂಥವರನ್ನೆಲ್ಲ ಒಪ್ಪಿಸಲು ಅಪ್ಪ ಕಂಡುಕೊಂಡ ಉಪಾಯವೇ ಬಿಸಿನೀರಿನ ಪರೀಕ್ಷೆ.

ಪಕ್ಕದ ಹೋಟೆಲಿನಿಂದ ಒಂದು ಫ್ಲಾಸ್ಕ್ ತುಂಬ ಕುದಿಯುವ ನೀರು ಬರುತ್ತಿತ್ತು. ಅಪ್ಪ ಗಿರಾಕಿಯ ಎದುರಿಗೇ ಬಾಟಲಿಗೆ ಆ ನೀರು ಹೊಯ್ದು, ಮುಚ್ಚಳ ತಿರುಗಿಸಿ, ತಲೆಕೆಳಗು ಮಾಡಿ ಹಿಡಿದು, ಸೋರಲಿಲ್ಲ ನೋಡ್ರಿ, ಸೊಟ್ಟಾಗಲಿಲ್ಲ ನೋಡ್ರಿ ಎನ್ನುತ್ತಿದ್ದರು. ಆಮೇಲೆ ಮುಚ್ಚಳ ತೆಗೆದು ಅದೇ ನೀರನ್ನು ಲೋಟಕ್ಕೆ ಬಗ್ಗಿಸಿ, ಊದಿ ಊದಿ ಕುಡಿಯುತ್ತಿದ್ದರು. ಜೂನ್ ತಿಂಗಳಲ್ಲಿ ಒಂದೊಂದು ದಿನ ಇಪ್ಪತ್ತು ಲೋಟ ಬಿಸಿನೀರು ಹೊಟ್ಟೆಗೆ ಹೋದದ್ದೂ ಉಂಟು. ಗ್ಯಾಸ್ ಟ್ರಬಲ್ ಹೋಯಿತು ಎಂದು ಅವರು ಹೇಳಿಕೊಳ್ಳುತ್ತಿದ್ದರು. ಅವ್ವನ ಪ್ರಕಾರ ಹೋದದ್ದು ಊಟದ ಹಸಿವು.

ಕುಡಿದಾದ ಮೇಲೆ ಅಪ್ಪನ ಬಲಗೈ ತಾನಾಗಿ ಎದೆಗೆ ಹೋಗುತ್ತಿತ್ತು. ಅಂಗಿಯೊಳಗೆ ಕರಡಿಗೆಯಲ್ಲಿ ಇಷ್ಟಲಿಂಗ ಇರುವ ಜಾಗ ಅದು. ಊಟಕ್ಕೆ ಕೂರುವಾಗ, ಬಸ್ ಹತ್ತುವಾಗ, ಸೀನಿದಾಗ ಕೂಡ ಅಲ್ಲಿಗೆ ಕೈ ಹೋಗುತ್ತಿತ್ತು. ಅದು ಅವರ ರೂಢಿ, ಅಷ್ಟೆ. ಅವರು ಅದನ್ನು ಆಣೆ ಎಂದು ಎಣಿಸಿರಲಿಲ್ಲ. ಆದರೆ ಎದುರಿಗೆ ನಿಂತವರು ಎಣಿಸುತ್ತಿದ್ದರು. ಲಿಂಗದ ಮೇಲೆ ಕೈಯಿಟ್ಟು ಹೇಳಿದ ಮೇಲೆ ಇನ್ನೇನು ಕೇಳುವುದು ಎಂದು ಸೆರಗಿನ ಗಂಟು ಬಿಚ್ಚುತ್ತಿದ್ದರು. ಇದು ಅಪ್ಪನಿಗೆ ಗೊತ್ತಿರಲಿಲ್ಲವೇ ಎಂದು ಕೇಳಿದರೆ, ಗೊತ್ತಿತ್ತು ಎಂದೇ ನನ್ನ ಅನುಮಾನ.

ತೊಂಬತ್ತರ ದಶಕದ ಕೊನೆ. ದಾವಣಗೆರೆ ಆಗಷ್ಟೇ ಜಿಲ್ಲೆಯಾಗಿ, ಊರಿಗೆಲ್ಲ ತಾನೇ ಜಿಲ್ಲಾಧಿಕಾರಿ ಎಂಬ ಬಿಗುಮಾನ ಬಂದಿತ್ತು. ನನಗೂ ಬಂದಿತ್ತು, ಏಕೆಂದರೆ ನಾನು ಎರಡನೇ ವರ್ಷದ ಬಿ.ಎಸ್ಸಿ. ಜೂನಿನ ಒಂದು ಭಾನುವಾರ ಅಂಗಡಿಯ ಕಟ್ಟೆಯ ಮೇಲೆ ಕೂತು ಮಂಡಕ್ಕಿ ತಿನ್ನುತ್ತಿದ್ದಾಗ ಒಬ್ಬ ಹೆಂಗಸು ಮಗಳನ್ನು ಕರೆದುಕೊಂಡು ಬಂದಳು. ಹರಿಹರ ತಾಲೂಕಿನ ಭಾನುವಳ್ಳಿಯವಳು; ನಾಟಿ, ಕಳೆ ಎಂದು ಗದ್ದೆ ಕೆಲಸಕ್ಕೆ ಹೋಗುವವಳು. ಮಗಳು ಎಂಟನೇ ಕ್ಲಾಸಿಗೆ ಹರಿಹರದ ಹೈಸ್ಕೂಲು ಸೇರಿದ್ದಳು, ದಿನಾ ಬಸ್ಸಿನಲ್ಲಿ ಓಡಾಟ. ಬೇಸಿಗೆಯಲ್ಲಿ ಆ ಹುಡುಗಿಗೆ ಕಾಮಾಲೆಯಾಗಿ ಜೀವಕ್ಕೇ ಬಂದು, ಹೇಗೋ ಉಳಿದುಕೊಂಡಿದ್ದಳು. ಕಾಯಿಸಿದ ನೀರು ಬಿಟ್ಟು ಬೇರೆ ಒಂದು ಹನಿ ಕುಡಿಸಬಾರದು ಎಂದು ಡಾಕ್ಟರು ಹೇಳಿದ್ದರು. ಹುಡುಗಿಯ ಕಣ್ಣಿನಲ್ಲಿ ಆಗಲೂ ಸ್ವಲ್ಪ ಹಳದಿ ಉಳಿದಿತ್ತು. ಕುತ್ತಿಗೆ ಕಡ್ಡಿಯ ಹಾಗಿತ್ತು. ಆ ತಾಯಿ ಕೇಳಿದ್ದು ಒಂದೇ ಮಾತು.

"ಕಾದ ನೀರು ಹಂಗೇ ಹಾಕಿ ಕಳಿಸಬಹುದೇನ್ರಿ ಇದ್ರಾಗೆ?"

"ಕುದಿಯೋದನ್ನೇ ಹಾಕಮ್ಮ. ಏನೂ ಆಗಲ್ಲ," ಎಂದು ಅಪ್ಪ ಲೋಟ ಎತ್ತಿದರು. ಕುಡಿದರು. ಕೈ ಎದೆಗೆ ಹೋಯಿತು. ಆನೆ ಚಿತ್ರದ ಒಂದು ಕೆಂಪು ಬಾಟಲಿ ಹುಡುಗಿಯ ಹೆಗಲೇರಿತು. ನಾನು ಮಂಡಕ್ಕಿ ಮುಗಿಸಿ ಕೈ ಝಾಡಿಸಿಕೊಂಡೆ.

ಇದಾಗಿ ಒಂದು ತಿಂಗಳಿಗೆ ನಮ್ಮ ಕೆಮಿಸ್ಟ್ರಿ ಲೆಕ್ಚರರು ಪಾಠದ ನಡುವೆ ಒಂದು ಮಾತು ಹೇಳಿದರು. ಪ್ಲಾಸ್ಟಿಕ್ಕಿಗೆ ಬಣ್ಣ ಬರಲೆಂದು, ಮೆತ್ತಗಾಗಲೆಂದು ಏನೇನೋ ಬೆರೆಸಿರುತ್ತಾರೆ. ಬಿಸಿ ತಾಗಿದರೆ ಅದರಲ್ಲಿ ಸ್ವಲ್ಪ ನೀರಿಗೂ ಇಳಿಯಬಹುದು, ಹಾಗಾಗಿ ಬಿಸಿ ಪದಾರ್ಥವನ್ನು ಅಗ್ಗದ ಪ್ಲಾಸ್ಟಿಕ್ಕಿನಲ್ಲಿ ಇಡದಿರುವುದು ಒಳ್ಳೆಯದು ಎಂದರು. ಹೇಳಿ ಬೋರ್ಡು ಒರೆಸಿದರು. ತರಗತಿಯಲ್ಲಿ ಬೇರೆ ಯಾರಿಗೂ ಅದರಿಂದ ಏನೂ ಆಗಲಿಲ್ಲ. ನನಗೆ ಮಾತ್ರ ಕೂರಲಾಗಲಿಲ್ಲ. ಅಪ್ಪನಿಗೆ ಗೊತ್ತಿಲ್ಲದ್ದು ನನಗೆ ಗೊತ್ತಾಗಿದ್ದು ಅದೇ ಮೊದಲು.

ಕಾಲೇಜಿನಿಂದ ನೇರ ಅಂಗಡಿಗೆ ಹೋದೆ. ಅಪ್ಪ ಗಿರಾಕಿಗಳ ಎದುರು ಲೋಟ ಹಿಡಿದಿದ್ದರು. ಅವರು ಹೋಗುವವರೆಗೆ ಕಾಯಬಹುದಿತ್ತು. ಕಾಯಲಿಲ್ಲ. ಚೀಲ ಇಳಿಸುವ ಮೊದಲೇ, ಅಪ್ಪ, ನೀವು ಮಾಡುವ ಪರೀಕ್ಷೆಯೇ ತಪ್ಪು, ಬಿಸಿನೀರಿಗೇ ವಿಷ ಇಳಿಯುವುದು, ಇಷ್ಟು ವರ್ಷ ನೀವು ಕುಡಿದದ್ದೂ ಅದನ್ನೇ ಎಂದು, ಲೆಕ್ಚರರು ಹೇಳದೇ ಇದ್ದ ವಿಷ ಎಂಬ ಪದವನ್ನೂ ಸೇರಿಸಿ ಒಂದೇ ಉಸಿರಿಗೆ ಹೇಳಿದೆ. ಗಿರಾಕಿಗಳು ಬಾಟಲಿಗಳನ್ನು ಮೆಲ್ಲಗೆ ಕಟ್ಟೆಯ ಮೇಲಿಟ್ಟು, ಇನ್ನೊಂದು ದಿನ ಬರ್ತೀವಿ ಎಂದು ಹೋದರು. ಅಪ್ಪ ನನ್ನನ್ನು ಬೈಯಲಿಲ್ಲ. ಲೋಟದ ನೀರನ್ನು ಹೊರಗೆ ಚೆಲ್ಲಿ ಫ್ಲಾಸ್ಕಿನ ಬಿರಡೆ ಹಾಕಿದರು. ಆ ಮುಖ ನೆನೆದರೆ ನನಗೆ ಈಗಲೂ ನಾಚಿಕೆಯಾಗುತ್ತದೆ.

ಮನೆಯಲ್ಲಿ ಸಂಭ್ರಮಪಟ್ಟವರು ಅಜ್ಜಿ ಒಬ್ಬರೇ. ಸಂಜೆಯೇ ಅಟ್ಟದಿಂದ ತಾಮ್ರದ ಹಂಡೆ ಇಳಿಸಿ ಹುಣಸೆಹಣ್ಣು ಹಚ್ಚಿ ತಿಕ್ಕತೊಡಗಿದರು. ಅಪ್ಪ ಊಟಕ್ಕೆ ಕೂತವರು ನನ್ನನ್ನು ವಿದ್ಯಾರ್ಥಿಯ ಹಾಗೆ ಪ್ರಶ್ನೆ ಕೇಳಿದರು. ಏನು ಇಳಿಯುತ್ತದೆ, ಎಷ್ಟು ಇಳಿಯುತ್ತದೆ, ಎಷ್ಟು ದಿನ ಕುಡಿದರೆ ಏನಾಗುತ್ತದೆ, ದೊಡ್ಡವರಿಗೆ ಎಷ್ಟು, ಮಕ್ಕಳಿಗೆ ಎಷ್ಟು. ಮಾರನೆ ದಿನ ಅವನ್ನೇ ಲೆಕ್ಚರರಿಗೆ ಕೇಳಿದೆ. ಅದು ಪರೀಕ್ಷೆಗೆ ಬರೋದಿಲ್ಲ ಎಂದರು. ಒತ್ತಾಯ ಮಾಡಿದಾಗ, ಪ್ರಾಮಾಣಿಕರು, ತಮಗೂ ಅಷ್ಟು ಗೊತ್ತಿಲ್ಲ ಎಂದು ಒಪ್ಪಿಕೊಂಡರು. ಅದನ್ನೇ ಬಂದು ಅಪ್ಪನಿಗೆ ಹೇಳಿದೆ. ಗಾಬರಿಪಡುವಂಥದ್ದು ಏನಿಲ್ಲವೇನೋ ಅಪ್ಪ ಎಂದು ಸಮಾಧಾನವನ್ನೂ ಮಾಡಿದೆ.

"ನಿಮ್ಮ ಮೇಷ್ಟ್ರಿಗೇ ಗೊತ್ತಿಲ್ಲ," ಎಂದರು ಅಪ್ಪ. "ನಾನು ಗೊತ್ತೈತೆ ಅಂತ ಹೇಳಿಬಿಟ್ಟೆ. ಕಾಮಾಲೆ ಆಗಿದ್ದ ಹುಡುಗಿ ಅದು."

ಅವರ ತಲೆಯಲ್ಲಿ ಕೂತಿದ್ದವಳು ಭಾನುವಳ್ಳಿಯ ಆ ಹುಡುಗಿ. ನಾನು ಅವಳನ್ನು ಮರೆತೇಬಿಟ್ಟಿದ್ದೆ. ಬೇರೆ ಮಕ್ಕಳು ತಣ್ಣೀರು ತುಂಬಿಕೊಂಡು ಹೋಗುವವರು. ಇವಳೊಬ್ಬಳಿಗೆ ದಿನಾ ಕುದಿಯುವ ನೀರು ಹಾಕಲು ಅಪ್ಪನೇ ಹೇಳಿಕಳಿಸಿದ್ದರು, ಅದೂ ಲಿವರು ಆಗತಾನೇ ಚೇತರಿಸಿಕೊಳ್ಳುತ್ತಿದ್ದವಳಿಗೆ. ತಾವು ಕುಡಿದ ಅಷ್ಟೊಂದು ಲೋಟಗಳ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ. ಅದು ನನ್ನ ಚಿಂತೆಯಾಯಿತು; ಊಟದ ಹೊತ್ತಿನಲ್ಲಿ ಕದ್ದು ಕದ್ದು ಅವರ ಕಣ್ಣು ಹಳದಿಯಾಗಿದೆಯೇ ಎಂದು ನೋಡುತ್ತಿದ್ದೆ.

ಹುಡುಗಿಯನ್ನು ಹುಡುಕಬೇಕು ಎಂದು ಅಪ್ಪ ನಿರ್ಧರಿಸಿದರು. ಹೆಸರು ಗೊತ್ತಿಲ್ಲ. ಭಾನುವಳ್ಳಿಯೇನು ನಾಲ್ಕು ಮನೆಯ ಹಳ್ಳಿಯಲ್ಲ. ಹಾಗಾಗಿ ಬೆಳಿಗ್ಗೆ ಭಾನುವಳ್ಳಿಯ ಬಸ್ಸು ಬರುವ ಹೊತ್ತಿಗೆ ಹರಿಹರದ ನಿಲ್ದಾಣದಲ್ಲಿ ನಿಂತು, ಆನೆ ಚಿತ್ರದ ಕೆಂಪು ಬಾಟಲಿ ಇಳಿಯುತ್ತದೆಯೇ ನೋಡುವುದು ಎಂದಾಯಿತು. ಅವಳಿಗೆ ಬದಲಿಗೆ ಕೊಡಲು ಏನು ಎಂದು ಯೋಚಿಸುತ್ತಿರುವಾಗ ಅಜ್ಜಿ ತಮ್ಮ ಟ್ರಂಕಿನಿಂದ ತಿರುಪಿನ ಮುಚ್ಚಳದ ಒಂದು ಸ್ಟೀಲಿನ ಕೂಜ ತಂದರು. ಅಜ್ಜನ ಅಂಗಡಿಯಲ್ಲಿ ಉಳಿದಿದ್ದ ಕೊನೆಯ ಮಾಲು. ಬಿಸಿಗೆ ಕೈ ಸುಡಬಾರದೆಂದು ಹಳೆಯ ಸೀರೆಯ ಅಂಚು ಸೇರಿಸಿ ಚೀಲವನ್ನೂ ಹೊಲಿದಿದ್ದರು. ಗೆದ್ದವರ ಉದಾರತನ ಅದು.

ಮೊದಲ ದಿನ ಅಪ್ಪ ಒಬ್ಬರೇ ಹೋದರು. ಹೋದವರು ಮೋರೆ ಸಣ್ಣದು ಮಾಡಿಕೊಂಡು ವಾಪಸಾದರು. ಬಸ್ಸಿನಿಂದ ಇಳಿಯುವ ಒಬ್ಬೊಬ್ಬ ಹುಡುಗಿಯ ಹೆಗಲನ್ನೂ ಬಗ್ಗಿ ನೋಡುತ್ತಿದ್ದ ಈ ಯಜಮಾನರನ್ನು ನಿಲ್ದಾಣದ ಕಂಟ್ರೋಲರ್ ಕರೆದು, ಯಾಕ್ರಿ, ಏನ್ ಸಮಾಚಾರ ಎಂದು ವಿಚಾರಿಸಿದ್ದನಂತೆ. ಬಾಟಲಿ ನೋಡುತ್ತಿದ್ದೇನೆ ಎಂಬ ನಿಜವನ್ನು ಅವನು ಒಂದಿಷ್ಟೂ ನಂಬಲಿಲ್ಲವಂತೆ. ಅವ್ವ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಮಾರನೆ ದಿನ ಅಪ್ಪನ ಮಾನ ಕಾಯಲು ನಾನೂ ಜೊತೆಗೆ ಹೊರಟೆ.

ಬಸ್ಸು ಬಂತು. ಮಕ್ಕಳು ಇಳಿದರು. ಮೂವರಲ್ಲಿ ಒಬ್ಬರ ಹೆಗಲಲ್ಲಿ ನಮ್ಮ ಅಂಗಡಿಯ ಬಾಟಲಿಯೇ ಇತ್ತು. ಬೇರೆ ದಿನವಾಗಿದ್ದರೆ ಅಪ್ಪ ಹಿಗ್ಗುತ್ತಿದ್ದರು. ಕೊನೆಗೆ ಇಳಿದ ಹುಡುಗಿಯ ಕುತ್ತಿಗೆಯಲ್ಲಿ ಕೆಂಪು ಬಾಟಲಿ, ಮೇಲೆ ಆನೆ. ಮುಖ ಸ್ವಲ್ಪ ತುಂಬಿಕೊಂಡಿತ್ತು. ಅಪ್ಪ ಬಾಟಲಿ ತೋರಿಸು ಎಂದೊಡನೆ ಅವಳು ಅದನ್ನು ಎದೆಗವಚಿಕೊಂಡು ಹಿಂದೆ ಸರಿದಳು. ನಾನು ಮುಂದೆ ಹೋಗಿ ಗುರುತು ಹೇಳಿದೆ. ಮಂಡಕ್ಕಿ ತಿನ್ನುತ್ತಿದ್ದ ಅಕ್ಕ ಎಂದು ಅವಳಿಗೆ ನೆನಪಾಯಿತು. ಅವಳ ಹೆಸರು ಮಂಜುಳ.

"ಇದ್ರಾಗೆ ಕಾದ ನೀರು ಹಾಕ್ತಾರೇನಮ್ಮ ದಿನಾ?" ಎಂದರು ಅಪ್ಪ.

"ಇಲ್ರಿ. ಅವ್ವ ಕಾಯಿಸಿ, ಗಡಿಗೇಲಿ ಪೂರಾ ಆರಿಸಿ, ಆಮೇಲೆ ಹಾಕ್ತಾಳೆ."

"ಬಿಸೀದು ಹಾಕ್ಲೇ ಇಲ್ವಾ?"

"ಮೊದಲ್ನೇ ದಿನ ಹಾಕಿದ್ಲ್ರಿ. ಮುಚ್ಚಳ ತೆಗೆದು ಮೂಸಿ ನೋಡಿದ್ಲು. ಏನೋ ವಾಸನೆ ಐತೆ, ಇದನ್ನ ಕುಡಿಬ್ಯಾಡ ಅಂತ ಗಿಡಕ್ಕೆ ಚೆಲ್ಲಿದ್ಲು."

ಅಷ್ಟೇ ವಿಷಯ. ಬಿ.ಎಸ್ಸಿ. ಇಲ್ಲದೆ, ಲೆಕ್ಚರರಿಲ್ಲದೆ, ಭಾನುವಳ್ಳಿಯ ಒಂದು ಮೂಗು ಮೊದಲ ದಿನವೇ ತೀರ್ಮಾನ ಮಾಡಿ ಮುಗಿಸಿತ್ತು. ಅಪ್ಪ ಅಲ್ಲೇ ಇದ್ದ ಕಲ್ಲುಬೆಂಚಿನ ಮೇಲೆ ಕೂತುಬಿಟ್ಟರು. ನನಗೆ ಅಳು, ನಗು ಎರಡೂ ಬಂದವು. ಆಗ ಅಪ್ಪ ಇನ್ನೊಂದು ಪ್ರಶ್ನೆ ಕೇಳದಿದ್ದರೆ ಇದು ಇಲ್ಲಿಗೇ ಮುಗಿಯುತ್ತಿತ್ತು.

"ಮತ್ತೆ ಅವತ್ತೇ ವಾಪಸ್ ತರಬೇಕಿತ್ತಲ್ಲಮ್ಮ ಅಂಗಡಿಗೆ. ನಾನೇನು ಬ್ಯಾಡ ಅಂತಿದ್ನಾ?"

ಮಂಜುಳ ಉಗುರು ಕಚ್ಚುತ್ತ ನನ್ನನ್ನು ನೋಡಿದಳು. ಹೇಳಬಹುದೋ ಬಾರದೋ ಎಂದು ಯೋಚಿಸುತ್ತಿದ್ದಳೆಂದು ಕಾಣುತ್ತದೆ.

"ನಮ್ಮಪ್ಪನೂ ಅದನ್ನೇ ಅಂದ್ನ್ರಿ. ಅವ್ವನೇ ಬ್ಯಾಡ ಅಂದ್ಲು. ಲಿಂಗ ಮುಟ್ಟಿ ಹೇಳಿದೋರ ಹತ್ರ ಹೋಗಿ, ನೀವು ಹೇಳಿದ್ದು ಸುಳ್ಳು ಅನ್ನೋದು ಹೆಂಗೆ ಅಂದ್ಲು."

ಕೂಜವನ್ನು ಅವಳು ತೆಗೆದುಕೊಳ್ಳಲು ಒಪ್ಪಲಿಲ್ಲ, ಅವ್ವ ಬೈಯುತ್ತಾಳೆ ಎಂದಳು. ಅಂಗಡಿಯವರು ಕೊಟ್ಟರೆಂದು ಹೇಳು ಎಂದು ನಾನೇ ಅವಳ ಚೀಲಕ್ಕೆ ತುರುಕಿದೆ. ವಾಪಸು ಬರುವಾಗ ಬಸ್ಸಿನಲ್ಲಿ ಅಪ್ಪ ಕಿಟಕಿಯಾಚೆ ನೋಡುತ್ತ ಕೂತಿದ್ದರು. ಗಿರಾಕಿಗಳೆದುರು ಹಾಗೆ ಹೇಳಬಾರದಿತ್ತು, ತಪ್ಪಾಯಿತು ಎಂದು ನಾನು ಹೇಳಿದೆ. ಅವರು ನನ್ನ ಕೈ ತಟ್ಟಿದರು. ನೀನು ಹೇಳಿದ್ದು ನನ್ನ ಮರ್ಯಾದೆ ಹೋಗಲಿ ಅಂತಲ್ಲ. ಆ ಹುಡುಗಿಯ ತಾಯಿ ಹೇಳದೇ ಇದ್ದದ್ದು ನನ್ನ ಮರ್ಯಾದೆ ಉಳಿಯಲಿ ಅಂತ. ನನಗೆ ಚುಚ್ಚುತ್ತಾ ಇರೋದು ಎರಡನೇದು ಎಂದರು.

ಅವತ್ತಿನಿಂದ ಅಂಗಡಿಗೆ ಫ್ಲಾಸ್ಕ್ ಬರುವುದು ನಿಂತಿತು. ಬಾಟಲಿ ಹೇಗಿದೆ ಎಂದು ಯಾರಾದರೂ ಕೇಳಿದರೆ, ಸೋರುವುದಿಲ್ಲ, ಬಿಸಿನೀರು ಹಾಕಬ್ಯಾಡ್ರಿ, ಉಳಿದದ್ದು ನನಗೆ ಗೊತ್ತಿಲ್ಲ ಎನ್ನುತ್ತಿದ್ದರು. ಗೊತ್ತಿಲ್ಲ ಎನ್ನುವ ಅಂಗಡಿಯವರನ್ನು ದಾವಣಗೆರೆ ಅದುವರೆಗೆ ಕಂಡಿರಲಿಲ್ಲ. ಈ ಸಲ ಕುಡಿದು ತೋರಿಸಲ್ವೇನ್ರಿ ಎಂದು ಹಳೇ ಗಿರಾಕಿಗಳು ನಿರಾಶೆಯಿಂದ ಎದುರಂಗಡಿಗೆ ಹೋದರು. ಬಾಟಲಿಯ ಮಾಲೆಗಳು ಆ ವರ್ಷ ಕರಗಲೇ ಇಲ್ಲ. ಬಾಯಿ ಮುಚ್ಚಿಕೊಂಡಾದರೂ ಮಾರಬಾರದೇ ಎಂದು ಅವ್ವ ಗೊಣಗಿದರು.

ಮುಂದಿನ ಜೂನಿನಲ್ಲಿ ಆ ಹೆಂಗಸು ಮತ್ತೆ ಬಂದಳು. ರತ್ನವ್ವ ಎಂದು ಆಗ ಹೆಸರು ತಿಳಿಯಿತು. ಕೈಯಲ್ಲಿ ಕೂಜವಿತ್ತು. ಬೂದಿ ಹಚ್ಚಿ ತಿಕ್ಕಿ ಫಳಫಳ ಹೊಳೆಯುವಂತೆ ಮಾಡಿದ್ದಳು. ಅಜ್ಜಿ ಹೊಲಿದ ಚೀಲವನ್ನೂ ಒಗೆದಿದ್ದಳು. ಮಂಜುಳನಿಗೆ ಪೂರಾ ಗುಣವಾಯಿತು, ಇನ್ನು ಯಾವ ನೀರಾದರೂ ಕುಡಿಯಬಹುದು ಎಂದು ಡಾಕ್ಟರು ಹೇಳಿದ್ದರಂತೆ. ದೊಡ್ಡವರ ವಸ್ತು ನಮಗ್ಯಾಕ, ತಗಳ್ರಿ ಎಂದು ಕೂಜವನ್ನು ಕಟ್ಟೆಯ ಮೇಲಿಟ್ಟಳು. ಆಮೇಲೆ ತಲೆಯೆತ್ತಿ ಬಾಟಲಿಗಳನ್ನು ನೋಡಿದಳು. ಅವಳ ಚಿಕ್ಕ ಮಗಳೂ ಆ ವರ್ಷ ಶಾಲೆಗೆ ಸೇರುತ್ತಿದ್ದಳು.

ಒಂದು ಹಸಿರು ಬಾಟಲಿ ತೋರಿಸಿ, "ಇದು ಹೆಂಗೈತ್ರಿ?" ಎಂದಳು.

ಅಪ್ಪನ ಬಲಗೈ ಮೇಲೆದ್ದಿತು. ನಾನು ನೋಡುತ್ತಲೇ ಇದ್ದೆ. ಅಂಗಿಯ ಎರಡನೇ ಗುಂಡಿಯವರೆಗೆ ಬಂದ ಕೈ ಅಲ್ಲೇ ನಿಂತು, ಹಾಗೇ ಕೆಳಗಿಳಿದು, ಬಾಟಲಿಯ ಮುಚ್ಚಳ ತೆಗೆದು ಅವಳ ಮುಂದೆ ಹಿಡಿಯಿತು.

"ನಂಗೆ ಗೊತ್ತಿಲ್ಲಮ್ಮ. ನೀನೇ ಮೂಸಿ ನೋಡು."

ರತ್ನವ್ವ ಮೂಸಿದಳು. ಬ್ಯಾಡ ಎಂದಳು. ಅಪ್ಪ ಇನ್ನೊಂದು ಕೊಟ್ಟರು, ಮತ್ತೊಂದು ಕೊಟ್ಟರು. ಏಳನೆಯದನ್ನು ಅವಳು ಎರಡು ಸಲ ಮೂಸಿ, ನನ್ನ ಮೂಗಿಗೂ ಹಿಡಿದು, ಸೆರಗಿನ ಗಂಟಿಗೆ ಕೈ ಹಾಕಿದಳು. ಅಪ್ಪನಿಗೆ ಇನ್ನೂ ಸಮಾಧಾನವಿಲ್ಲ. ವಾಸನೆ ಇಲ್ಲ ಅಂದ ಮಾತ್ರಕ್ಕೆ ಏನೂ ಇಲ್ಲ ಅಂತ ಹೇಳೋಕೆ ಬರಲ್ಲಮ್ಮ, ನಿಜವಾಗ್ಲೂ ನಂಗೆ ಗೊತ್ತಿಲ್ಲ ಎಂದು ಮತ್ತೊಮ್ಮೆ ಹೇಳಿದರು.

"ಗೊತ್ತಿಲ್ಲ ಅಂದ್ರಲ್ಲ," ಎಂದಳು ರತ್ನವ್ವ. "ಹಂಗಾದ್ರೆ ಕೊಡ್ರಿ."